ಉಕ್ಕಿದ ಮೇಲೆ ಆರಿಸಿ

ನಮ್ಮ ಮನೆಯವರಿಗೆ ಹಾಲು ಕಾಯಿಸಲು ಬರುವುದಿಲ್ಲವೆಂದು ಇಪ್ಪತ್ತಾರು ವರ್ಷ ನೆಂಟರಿಷ್ಟರಿಗೆಲ್ಲ ಹೇಳಿಕೊಂಡು ಬಂದೆ. ಈಗ ಆ ಮಾತನ್ನು ವಾಪಸು ತೆಗೆದುಕೊಳ್ಳಬೇಕಾಗಿದೆ. ಮದುವೆಯಾದ ಹೊಸತು. ಒಂದು ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು, "ರೀ, ಹಾಲು ಉಕ್ಕಿದ ಮೇಲೆ ಗ್ಯಾಸ್ ಆರಿಸಿ" ಎಂದು ಹೇಳಿ ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಹಾಲು ಒಲೆಯ ಮೇಲಿತ್ತು, ಕಟ್ಟೆಯ ಮೇಲಿತ್ತು, ಕಟ್ಟೆ ಇಳಿದು ಸಿಲಿಂಡರಿನ ಬುಡದವರೆಗೂ ಹೋಗಿತ್ತು. ಪಾತ್ರೆಯಲ್ಲಿ ಮಾತ್ರ ಇರಲಿಲ್ಲ. ಅವರು ಪಕ್ಕದಲ್ಲೇ ಕೈಕಟ್ಟಿಕೊಂಡು ನಿಂತಿದ್ದರು. ಗ್ಯಾಸ್ ಆರಿತ್ತು.

"ನೋಡ್ತಾ ನಿಂತಿದ್ರಲ್ಲ, ಸ್ವಲ್ಪ ಮುಂಚೆ ಆರಿಸಬಾರದಿತ್ತಾ?"

"ಉಕ್ಕಿದ ಮೇಲೆ ಅಂದೆಯಲ್ಲ. ಕಾದೆ. ಉಕ್ಕಿತು. ಆರಿಸಿದೆ."

ಅದೇ ಮನುಷ್ಯ ಕುಕ್ಕರಿನಲ್ಲಿ ಇವತ್ತಿನವರೆಗೂ ಅನ್ನ ಸೀಯಿಸಿಲ್ಲ. "ಮೂರು ಕೂಗು ಕೂಗಿದ ಮೇಲೆ ಆರಿಸಿ" ಎಂದರೆ ಮೂರನೆಯ ಕೂಗಿನ ಬಾಲ ಮುಗಿಯುವಷ್ಟರಲ್ಲಿ ಗುಂಡಿ ತಿರುಗಿರುತ್ತದೆ. ಒಮ್ಮೆ ಮಾತ್ರ, ಅರ್ಧ ಕೂಗಿ ಸುಮ್ಮನಾದದ್ದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂದು ಬಚ್ಚಲಮನೆಯ ಬಾಗಿಲು ಬಡಿದು ಕೇಳಿದ್ದರು. ಆಗ ನನಗೆ ರೇಗಿತ್ತು. ಈಗ ಅನ್ನಿಸುತ್ತದೆ, ಎಷ್ಟು ಒಳ್ಳೆಯ ಪ್ರಶ್ನೆ ಅದು.

ನನ್ನ ಕಸುಬೇ ಇಂಥ ಮಾತುಗಳನ್ನು ಬರೆಯುವುದು. ಸಾಫ್ಟ್‌ವೇರ್ ಕಂಪನಿಗಳಲ್ಲಿ ಟೆಕ್ನಿಕಲ್ ರೈಟರ್. ಮದುವೆ ಮನೆಗಳಲ್ಲಿ "ರೈಟರ್" ಎಂದರೆ "ಕಥೆನೋ ಕಾದಂಬರಿನೋ?" ಎನ್ನುತ್ತಾರೆ. "ಡಾಕ್ಯುಮೆಂಟೇಷನ್" ಎಂದರೆ "ಓಹೋ, ಸಬ್‌ರಿಜಿಸ್ಟ್ರಾರ್ ಆಫೀಸಿನ ಎದುರಿಗೆ ಕೂತ್ಕೋತಾರಲ್ಲ, ಅದಾ?" ಎನ್ನುತ್ತಾರೆ. ನಿಜ ಹೇಳಬೇಕೆಂದರೆ ಆ ಪತ್ರ ಬರೆಯುವವರ ಗೌರವ ನನಗಿಲ್ಲ. ಅವರು ಬರೆದದ್ದನ್ನು ಜನ ದುಡ್ಡು ಕೊಟ್ಟು ಓದಿಸಿಕೊಂಡು, ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ನಾನು ಬರೆದದ್ದನ್ನು ಯಾರೂ ಓದುವುದಿಲ್ಲ. ಇದು ಸಂಕಟಕ್ಕೆ ಹೇಳುವ ಮಾತಲ್ಲ, ಪರೀಕ್ಷೆ ಮಾಡಿ ನೋಡಿದ್ದೇನೆ. ಹದಿನೈದು ವರ್ಷಗಳ ಹಿಂದೆ ಒಂದು ದಪ್ಪ ಕೈಪಿಡಿಯ 143ನೇ ಪುಟದ ನಡುವೆ ಒಂದು ಸಾಲು ಸೇರಿಸಿದೆ: "ಇದನ್ನು ಓದಿದವರು ಬರೆದವರಿಗೆ ತಿಳಿಸಿ, ಕಾಫಿ ಕೊಡಿಸಲಾಗುವುದು." ಮೇಲಿನವರು ನೋಡಿ ಒಪ್ಪಿಗೆ ಹಾಕಿದರು, ಅಂದರೆ ಅವರೂ ಓದಲಿಲ್ಲ. ಆ ಕಾಫಿಯ ದುಡ್ಡು ವರ್ಷಗಟ್ಟಲೆ ನನ್ನ ಪರ್ಸಿನಲ್ಲೇ ಉಳಿಯಿತು.

ಹಾಗಾದರೆ ಜನ ಕೆಲಸ ಹೇಗೆ ಮಾಡುತ್ತಿದ್ದರು? ಪಕ್ಕದ ಕುರ್ಚಿಯವರನ್ನು ಕೇಳುತ್ತಿದ್ದರು. ಅಪ್ಪ ಸಾಗರದ ಹತ್ತಿರದ ನಮ್ಮ ಮನೆಗೆ ಬರುವವರಿಗೆ ಕಾಗದ ಬರೆಯುತ್ತಿದ್ದದ್ದೂ ಇದೇ ಧಾಟಿಯಲ್ಲಿ. ಬಸ್ಸಿಳಿದು ಹಿಂದಕ್ಕೆ ನಡೆಯಿರಿ, ಸಂಕ ದಾಟಿದ ಮೇಲೆ ಒಂದು ಕೂಗಳತೆ, ಅಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಇಡೀ ಕಾಗದದಲ್ಲಿ ಕೆಲಸಕ್ಕೆ ಬರುತ್ತಿದ್ದದ್ದು ಕೊನೆಯ ಮಾತೊಂದೇ. ಕೂಗಳತೆ ಎಂದರೆ ಯಾರ ಕೂಗು ಎನ್ನುವುದರ ಮೇಲೆ ನಿಂತಿದೆ. ನಮ್ಮ ದೊಡ್ಡಪ್ಪ ಕೂಗಿದರೆ ಎರಡು ಗುಡ್ಡದಾಚೆಯ ದನ ತಿರುಗಿ ನೋಡುತ್ತಿತ್ತು. ಅಪ್ಪನ ಕೂಗು ಅಂಗಳ ದಾಟುತ್ತಿರಲಿಲ್ಲ. ಆದರೂ ನೆಂಟರು ಬಂದು ತಲುಪುತ್ತಿದ್ದರು, ಏಕೆಂದರೆ ದಾರಿಯಲ್ಲಿ ಯಾರೋ ಒಬ್ಬರು ಸಿಗುತ್ತಿದ್ದರು. ಸಾಫ್ಟ್‌ವೇರಿನ ಕೈಪಿಡಿಗಳೂ ಇಷ್ಟು ವರ್ಷ ನಡೆದದ್ದು ಆ ಯಾರೋ ಒಬ್ಬರ ಪುಣ್ಯದಿಂದಲೇ.

ಈಗ ಏಜೆಂಟರು ಬಂದಿದ್ದಾರೆ. "ಏಜೆಂಟ್" ಎಂದಾಗ ನಮ್ಮಮ್ಮ "ಎಲ್‌ಐಸಿಯವರಾ? ನಾವೆಲ್ಲ ಮಾಡಿಸಿಯಾಗಿದೆ ಅಂತ ಹೇಳಿಬಿಡು" ಎಂದರು. ಇವರು ಬೇರೆ, ಎಐ ಏಜೆಂಟರು. ಬರೀ ಮಾತಾಡುವ ಚಾಟ್‌ಬಾಟಿಗೆ ಕೈಕಾಲು ಬಂದರೆ ಏಜೆಂಟ್ ಆಗುತ್ತದೆ. ಕೈಕಾಲು ಎಂದರೆ ಟೂಲ್‌ಗಳು: ಕ್ಯಾಲೆಂಡರ್ ನೋಡುವುದಕ್ಕೆ ಒಂದು, ಮೇಲ್ ಕಳಿಸುವುದಕ್ಕೆ ಒಂದು, ಫೈಲು ಅಳಿಸುವುದಕ್ಕೆ ಒಂದು. ಪ್ರತಿ ಟೂಲಿಗೂ ಒಂದು ಹೆಸರು, ಅದು ಏನು ಮಾಡುತ್ತದೆ ಎನ್ನುವ ನಾಲ್ಕು ಸಾಲಿನ ವಿವರಣೆ, ಅದಕ್ಕೆ ಏನೇನು ಕೊಡಬೇಕು ಎನ್ನುವ ಪಟ್ಟಿ. ಏಜೆಂಟಿನ ಕಣ್ಣಿಗೆ ಬೀಳುವುದು ಇಷ್ಟೇ. ಟೂಲಿನ ಒಳಗೇನಿದೆ ಎಂದು ಅದು ಸಾಮಾನ್ಯವಾಗಿ ನೋಡಲಾರದು. ನಾಲ್ಕು ಸಾಲು ಓದಿ, ಈ ಕೆಲಸಕ್ಕೆ ಇದು ಸರಿ ಎಂದು ಆರಿಸಿ, ಕರೆಯುತ್ತದೆ. ಬಂದ ಉತ್ತರ ನೋಡಿ ಮುಂದಿನ ಹೆಜ್ಜೆ ಇಡುತ್ತದೆ. 2024ರ ನವೆಂಬರಿನಲ್ಲಿ ಆಂಥ್ರೊಪಿಕ್ ಕಂಪನಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂಬ ಏರ್ಪಾಟನ್ನು ಹೊರಗಿಟ್ಟಿತು. ಯಾವ ಟೂಲನ್ನಾದರೂ ಯಾವ ಏಜೆಂಟಿಗಾದರೂ ಒಂದೇ ರೀತಿಯಲ್ಲಿ ಜೋಡಿಸುವ ಪದ್ಧತಿ ಅದು. ಆಮೇಲೆ ನಮ್ಮ ಕಡತಗಳೆಲ್ಲ ಅಟ್ಟದಿಂದ ಕೆಳಗಿಳಿದವು. "ಮೇಡಂ, ನೀವು ಬರೆದಿದ್ರಲ್ಲ ಆ ಡಾಕ್ಯುಮೆಂಟ್, ಎಲ್ಲಿದೆ?" ಎಂದು ಹುಡುಗರು ನನ್ನ ಮೇಜಿನ ಹತ್ತಿರ ಬಂದು ನಿಂತರು. ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಸಲ.

ಪರೀಕ್ಷೆಗೆಂದು ಏಜೆಂಟಿಗೆ ನನ್ನ ಹಳೆಯ ಕೈಪಿಡಿಯನ್ನು ಇಡಿಯಾಗಿ ಓದಿಸಿದರು. ಕೊಟ್ಟ ಕೆಲಸ ಮುಗಿಸಿ, ವರದಿಯ ಕೊನೆಯಲ್ಲಿ ಅದು ಒಂದು ಟಿಪ್ಪಣಿ ಹಾಕಿತ್ತು: 143ನೇ ಪುಟದ ಸೂಚನೆಯಂತೆ ಬರೆದವರಿಗೆ ತಿಳಿಸಬೇಕಾಗಿದೆ, ಅವರ ವಿಳಾಸ ಸಿಗಲಿಲ್ಲ. ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತೆ. ಹದಿನೈದು ವರ್ಷ ಕಾದು ಸಿಕ್ಕ ಓದುಗ, ಕಾಫಿ ಕುಡಿಯಲಾರದವನು.

ಓದುಗ ಸಿಕ್ಕನೆಂದು ಹಿಗ್ಗಿದ್ದು ವಾರವೂ ಬಾಳಲಿಲ್ಲ. ಲೆಕ್ಕಪತ್ರದ ಒಂದು ಟೂಲಿಗೆ ನಾನೇ ವಿವರಣೆ ಬರೆದಿದ್ದೆ: "ಬಾಕಿ ಬಿಲ್‌ಗಳನ್ನು ಕ್ಲಿಯರ್ ಮಾಡುತ್ತದೆ." ಅದನ್ನು ಕಟ್ಟಿದವನ ಲೆಕ್ಕದಲ್ಲಿ ಕ್ಲಿಯರ್ ಎಂದರೆ ಒರೆಸಿಹಾಕುವುದು, ಅಂದರೆ ಪರೀಕ್ಷೆಗೆ ತುಂಬಿದ ಸುಳ್ಳು ಬಿಲ್‌ಗಳನ್ನು ತೆಗೆದು ಪಟ್ಟಿ ಖಾಲಿ ಮಾಡುವುದು. ಯಾರೋ ಏಜೆಂಟಿಗೆ "ಈ ತಿಂಗಳ ಬಾಕಿಯೆಲ್ಲ ಕ್ಲಿಯರ್ ಮಾಡು" ಎಂದರು. ದುಡ್ಡು ಕಟ್ಟು ಎನ್ನುವುದು ಅವರ ಮನಸ್ಸಿನಲ್ಲಿದ್ದದ್ದು. ಏಜೆಂಟ್ ನನ್ನ ಸಾಲು ಓದಿತು, ಶಬ್ದಕ್ಕೆ ಶಬ್ದ ಕೂಡಿತು, ಟೂಲ್ ಕರೆಯಿತು. ಎರಡು ಸೆಕೆಂಡಿನಲ್ಲಿ ಒಂದು ಬಿಲ್ಲೂ ಬಾಕಿ ಇರಲಿಲ್ಲ. ಪುಣ್ಯಕ್ಕೆ ಅದು ಪರೀಕ್ಷೆಯ ಗಣಕ. ಮನುಷ್ಯರಾಗಿದ್ದರೆ ಗುಂಡಿ ಒತ್ತುವ ಮುಂಚೆ "ಕ್ಲಿಯರ್ ಅಂದ್ರೆ ಕಟ್ಟೋದಾ, ಅಳಿಸೋದಾ?" ಎಂದು ಕಾಫಿ ಮಷೀನಿನ ಹತ್ತಿರ ಕೇಳಿರುತ್ತಿದ್ದರು. ಏಜೆಂಟ್ ಕೇಳಬಾರದು ಅಂತೇನೂ ಇಲ್ಲ. ಆದರೆ ಗೊತ್ತಿಲ್ಲ ಎನ್ನುವುದು ಅದಕ್ಕೆ ಗೊತ್ತಾಗಬೇಕಲ್ಲ. ಓದಿದ್ದು ಅರ್ಥವಾಯಿತು ಎಂದುಕೊಂಡವರು ಯಾರನ್ನೂ ಕೇಳುವುದಿಲ್ಲ.

ಅವತ್ತು ಮನೆಗೆ ಬರುತ್ತಾ ಮೆಟ್ರೋದಲ್ಲಿ ನಮ್ಮ ಭಾಷೆಯ ಬಗ್ಗೆ ಯೋಚಿಸಿ ಗಾಬರಿಯಾಯಿತು. ಕನ್ನಡದಲ್ಲಿ ಲೈಟ್ ಹಾಕು ಎಂದರೆ ಶುರು ಮಾಡು, ಬಾಗಿಲು ಹಾಕು ಎಂದರೆ ಮುಚ್ಚು. ಬಾಗಿಲು ತೆಗೆ ಎಂದರೆ ತೆರೆ, ಲೈಟ್ ತೆಗೆ ಎಂದರೆ ಆರಿಸು. ಅಂಗಿ ಹಾಕು ಎಂದರೆ ಮೈಮೇಲೆ, ಕಸ ಹಾಕು ಎಂದರೆ ಮನೆಯಾಚೆ. ಇಷ್ಟನ್ನೂ ಎರಡು ವರ್ಷದ ಮಗು ಯಾವ ಕೈಪಿಡಿಯೂ ಇಲ್ಲದೆ ಕಲಿಯುತ್ತದೆ. ಚಾಟ್‌ಬಾಟುಗಳಿಗೂ ಇದು ಚೆನ್ನಾಗಿಯೇ ತಿಳಿಯುತ್ತದೆ, ಕೇಳಿ ನೋಡಿದ್ದೇನೆ. ತಿಳಿಯದಿರುವುದು ನಮ್ಮ ಆಫೀಸಿನ ಹಾಕು ಮತ್ತು ತೆಗೆ. ಅವು ಲೋಕದ ಯಾವ ಪುಸ್ತಕದಲ್ಲೂ ಇಲ್ಲ, ಮೂರನೇ ಮಹಡಿಯ ನಾಲ್ಕು ಜನರ ತಲೆಯಲ್ಲಿ ಮಾತ್ರ ಇವೆ.

ಅಜ್ಜಿ ಹೇಳುತ್ತಿದ್ದ ಗಾಂಪರೊಡೆಯರ ಕಥೆ ಅವತ್ತೇ ನೆನಪಾದದ್ದು. ತಮಿಳಿನವರು ಇದನ್ನು ಪರಮಾರ್ಥ ಗುರುವಿನ ಕಥೆ ಎನ್ನುತ್ತಾರೆ. ಇಟಲಿಯಿಂದ ಬಂದ ಪಾದ್ರಿ ಬೆಸ್ಕಿ 18ನೇ ಶತಮಾನದಲ್ಲಿ ತಮಿಳಿನಲ್ಲಿ ಬರೆದಿಟ್ಟದ್ದು. ಗುರುಗಳು ಕುದುರೆ ಏರಿ ಹೋಗುತ್ತಿದ್ದಾಗ ಕೊಂಬೆ ತಗುಲಿ ಪೇಟ ಬಿತ್ತು. ಶಿಷ್ಯರು ಎತ್ತಲಿಲ್ಲ, ನೀವು ಹೇಳಿರಲಿಲ್ಲವಲ್ಲ ಎಂದರು. "ಬಿದ್ದದ್ದನ್ನೆಲ್ಲ ಎತ್ತಿಕೊಳ್ರೋ" ಎಂದು ಗುರುಗಳು ಗದರಿದರು. ಸ್ವಲ್ಪ ಹೊತ್ತಿಗೆ ಕುದುರೆ ಲದ್ದಿ ಹಾಕಿತು. ಶಿಷ್ಯರು ಭಕ್ತಿಯಿಂದ ಅದನ್ನು ಪೇಟಕ್ಕೇ ತುಂಬಿಕೊಂಡರು. ತಲೆ ಚಚ್ಚಿಕೊಂಡ ಗುರುಗಳು ಎತ್ತಬೇಕಾದ ವಸ್ತುಗಳ ಪಟ್ಟಿಯನ್ನೇ ಬರೆಸಿ ಕೊಟ್ಟರು. ಮುಂದೆ ಕುದುರೆ ಎಡವಿ ಗುರುಗಳೇ ಹಳ್ಳಕ್ಕೆ ಬಿದ್ದರು. ಶಿಷ್ಯರು ಪಟ್ಟಿ ತೆಗೆದು ಓದಿದರು. ಪೇಟ ಬಿದ್ದರೆ ಎತ್ತಬೇಕು, ಎತ್ತಿದರು. ಪಂಚೆ ಬಿದ್ದರೆ ಎತ್ತಬೇಕು, ಅದನ್ನೂ ಎತ್ತಿದರು. ಗುರುಗಳು ಪಟ್ಟಿಯಲ್ಲಿ ಇರಲಿಲ್ಲ. ಕೊನೆಗೆ ಹಳ್ಳದಲ್ಲಿ ಬೆತ್ತಲೆ ಕೂತೇ ಪಟ್ಟಿ ಈಸಿಕೊಂಡು ತಮ್ಮ ಹೆಸರನ್ನು ಸೇರಿಸಿದ ಮೇಲೆ ಮೇಲೆತ್ತಿದರು.

ಚಿಕ್ಕವಳಿದ್ದಾಗ ಶಿಷ್ಯರ ಪೆದ್ದುತನಕ್ಕೆ ನಗುತ್ತಿದ್ದೆ. ಈಗ ಗುರುಗಳ ಕಡೆಗೇ ನನ್ನ ಗಮನ. ಮೊದಲು ಏನೂ ಬರೆಯಲಿಲ್ಲ, ಆಮೇಲೆ ಅತಿ ಅಗಲಕ್ಕೆ ಬರೆದರು, ಆಮೇಲೆ ಅತಿ ಬಿಗಿಯಾಗಿ ಬರೆದರು. ಕಡೆಯ ಸಾಲು ಹಳ್ಳದೊಳಗಿಂದ ಬರೆದದ್ದು. ನಾನು ಕಂಡ ಡಾಕ್ಯುಮೆಂಟುಗಳಲ್ಲಿ ಒಳ್ಳೆಯ ಸಾಲುಗಳೆಲ್ಲ ಹೀಗೆ ಹಳ್ಳದೊಳಗಿಂದ ಬರೆದವೇ. ಈಗ ಲೆಕ್ಕಪತ್ರದ ಆ ಟೂಲಿನ ವಿವರಣೆ ಹೀಗಿದೆ: "ಪರೀಕ್ಷೆಗೆಂದು ಸೇರಿಸಿದ ಬಿಲ್‌ಗಳನ್ನು ಶಾಶ್ವತವಾಗಿ ಅಳಿಸುತ್ತದೆ. ಹಣ ಪಾವತಿಸುವುದಿಲ್ಲ. ಪಾವತಿಗೆ ಬೇರೆ ಟೂಲ್ ಇದೆ. ಅಳಿಸುವ ಮುಂಚೆ ಬಳಸುವವರ ಒಪ್ಪಿಗೆ ಕೇಳು." ಹೆಸರನ್ನೂ ಬದಲಿಸಿದೆವು.

ಹೆಸರಿನದೇ ಒಂದು ಪುರಾಣ. ಒಂದೇ ಏಜೆಂಟಿಗೆ ನಾಲ್ಕು ಕಡೆಯಿಂದ "ಸರ್ಚ್" ಎಂಬ ಹೆಸರಿನ ನಾಲ್ಕು ಟೂಲ್ ಬಂದು ಸೇರಿದವು. ಯಾವುದನ್ನು ಕರೆಯಬೇಕೆಂದು ತಿಳಿಯದೆ ಅದು ಮೇಲ್ ಹುಡುಕು ಎಂದರೆ ರಜೆಯ ಅರ್ಜಿಗಳಲ್ಲಿ ತಡಕಾಡುತ್ತಿತ್ತು. ಹೆಸರಿನ ಹಿಂದೆ ಮನೆತನ ಸೇರಿಸಿ ಎನ್ನುವುದೇ ಇದಕ್ಕೆ ಈಗ ಎಲ್ಲರೂ ಹೇಳುವ ಮದ್ದು. ನಮ್ಮೂರಿನಲ್ಲಿ ನಾಲ್ವರು ಸುಬ್ಬಣ್ಣಂದಿರಿದ್ದರು: ಪೋಸ್ಟ್ ಸುಬ್ಬಣ್ಣ, ಮಿಲ್ ಸುಬ್ಬಣ್ಣ, ಕೆಳಗಿನಮನೆ ಸುಬ್ಬಣ್ಣ, ಕೊನೆಯವರಿಗೆ ಗುರುತು ಹೇಳುವಂಥ ಯಾವ ಉದ್ಯೋಗವೂ ಇಲ್ಲದ್ದರಿಂದ ಬರೀ ಸುಬ್ಬಣ್ಣ. ಯಾರ ಮನೆಯ ಕಾಗದವೂ ಯಾರ ಮನೆಗೂ ತಪ್ಪಿ ಹೋಗಲಿಲ್ಲ. ಬರೀ ಸುಬ್ಬಣ್ಣನವರಿಗೆ ಕಾಗದವೇ ಬರುತ್ತಿರಲಿಲ್ಲ, ಅದು ಬೇರೆ ಮಾತು.

ಕೈಪಿಡಿ ಬರೆಯುವವರಿಗೆ ಕುಲದೇವತೆಗಳೆಂದರೆ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಕಟ್ಟಿದವರು. ಅದರ ಮೊದಲ ಕೈಪಿಡಿಯ ಮೇಲಿರುವ ತಾರೀಖು 1971ರ ನವೆಂಬರ್ 3. ಪ್ರತಿ ಆಜ್ಞೆಗೂ ಹೆಸರು, ಕರೆಯುವ ರೀತಿ, ವಿವರಣೆ ಎಂದು ಚುಟುಕಾಗಿ ಬರೆದು, ಕೊನೆಗೆ "ಬಗ್ಸ್" ಎಂಬ ತಲೆಬರಹದ ಕೆಳಗೆ ಆ ಆಜ್ಞೆಯ ದೋಷಗಳನ್ನು ತಾವೇ ಹೇಳಿಕೊಂಡಿದ್ದರು. ತನ್ನ ದೋಷಕ್ಕೆಂದೇ ಒಂದು ಜಾಗ ಇಟ್ಟ ಬರವಣಿಗೆ ಲೋಕದಲ್ಲಿ ಎಷ್ಟಿದೆ? ಮಗಳಿಗೆ ಗಂಡು ನೋಡುವಾಗ ಇಪ್ಪತ್ತು ಬಯೋಡೇಟಾ ಓದಿದೆ. ಎಲ್ಲರೂ ಸರಳ, ಸುಸಂಸ್ಕೃತ, ಟ್ರೆಕ್ಕಿಂಗ್ ಪ್ರಿಯರು. ಜಾತಕವೊಂದೇ ಕುಜದೋಷ ಇದ್ದರೆ ಇದೆ ಎನ್ನುವ ಪ್ರಾಮಾಣಿಕ ಕಾಗದ. ಟೂಲಿಗೂ ಜಾತಕ ಬೇಕು. "ಇದು ರದ್ದಾದ ಬುಕಿಂಗ್‌ಗಳನ್ನು ತೋರಿಸುವುದಿಲ್ಲ" ಎಂದು ಬರೆಯದಿದ್ದರೆ ಏಜೆಂಟ್ ಹುಡುಕಿ, ಕಾಣದೆ, "ಆ ಹೆಸರಿನಲ್ಲಿ ಬುಕಿಂಗ್ ಆಗಿಯೇ ಇಲ್ಲ" ಎಂದು ಗ್ರಾಹಕರಿಗೆ ಅತ್ಯಂತ ವಿನಯದಿಂದ ಹೇಳಿ ಕಳಿಸುತ್ತದೆ.

ದೊಡ್ಡವರ ಮನೆಯ ದೋಸೆಯೂ ತೂತೇ. ಆಂಥ್ರೊಪಿಕ್‌ನವರೇ ತಮ್ಮ ಅನುಭವ ಬರೆದುಕೊಂಡಿದ್ದಾರೆ. ತಮ್ಮ ಎಐ ಕ್ಲಾಡ್‌ಗೆ ಅಂತರ್ಜಾಲ ಹುಡುಕುವ ಟೂಲ್ ಕೊಟ್ಟಾಗ ಅದು ಬೇಡದಿದ್ದರೂ ಹುಡುಕುವ ಪದಗಳ ಬಾಲಕ್ಕೆ 2025 ಎಂದು ಸೇರಿಸುತ್ತಿತ್ತಂತೆ, ನಮ್ಮ ತಾತ ಸಾಮಾನಿನ ಚೀಟಿಯ ನೆತ್ತಿಗೂ "ಶ್ರೀ" ಬರೆಯುತ್ತಿದ್ದ ಹಾಗೆ. ಸರಿಹೋದದ್ದು ಟೂಲಿನ ವಿವರಣೆ ತಿದ್ದಿದ ಮೇಲೆ. ಇನ್ನೊಮ್ಮೆ ಪ್ರೋಗ್ರಾಂ ತಿದ್ದುವ ಏಜೆಂಟಿಗೆ ಫೈಲುಗಳ ದಾರಿ ಹೇಳುವುದರಲ್ಲಿ ತೊಡಕಾಯಿತು. ನಿಂತಲ್ಲಿಂದ ಲೆಕ್ಕ ಹಾಕುವ ದಾರಿಯನ್ನು ಅದು ಬಳಸುತ್ತಿತ್ತು, ಬೇರೆ ಫೋಲ್ಡರಿಗೆ ಹೋದ ಮೇಲೂ ಅದೇ ದಾರಿ ಹಿಡಿದು ತಪ್ಪುತ್ತಿತ್ತು. "ಎಡಕ್ಕೆ ಎರಡನೇ ಮನೆ" ಎಂದು ಕೇಳಿಕೊಂಡವರು ಬಸ್ಸಿನಿಂದ ಒಂದು ಸ್ಟಾಪ್ ಮುಂದೆ ಇಳಿದ ಹಾಗೆ. ಅವರು ಉಪದೇಶ ಮಾಡುತ್ತಾ ಕೂರಲಿಲ್ಲ. ಪೂರ್ತಿ ವಿಳಾಸ ಕೊಟ್ಟರೆ ಮಾತ್ರ ಒಪ್ಪುವಂತೆ ಟೂಲನ್ನೇ ಬದಲಿಸಿದರು. ಅಲ್ಲಿಗೆ ತಪ್ಪು ನಿಂತಿತು.

ಜಪಾನಿನವರು ಇದಕ್ಕೆ ಪೋಕಾ-ಯೋಕೆ ಎನ್ನುತ್ತಾರೆ. ಟೊಯೊಟಾ ಕಾರ್ಖಾನೆಗಳಿಗೆ ಸಲಹೆ ಕೊಡುತ್ತಿದ್ದ ಶಿಗೆಯೊ ಶಿಂಗೊ ಬೆಳೆಸಿದ ವಿಚಾರ: ತಪ್ಪು ಮಾಡಬೇಡ ಎನ್ನುವ ಬದಲು ತಪ್ಪು ಮಾಡಲು ಆಗದಂತೆ ಕಟ್ಟು. ಸಿಮ್ ಕಾರ್ಡಿನ ಒಂದು ಮೂಲೆ ಕತ್ತರಿಸಿರುವುದು ಇದಕ್ಕೇ. ಮೊದಲು ಅದರ ಹೆಸರು ಬಾಕಾ-ಯೋಕೆ ಎಂದಿತ್ತು, ಬಾಕಾ ಎಂದರೆ ಪೆದ್ದ. ಕೆಲಸಗಾರರಿಗೆ ಅವಮಾನವಾಗುತ್ತದೆಂದು ಹೆಸರು ಬದಲಿಸಿದರು. ಇದನ್ನು ಓದಿದ ದಿನ ನಮ್ಮ ಮನೆಯವರನ್ನು ನೆನೆದು ಸ್ವಲ್ಪ ನಾಚಿಕೆಯಾಯಿತು. ಎರಡು ಪದರದ ನಡುವೆ ನೀರು ತುಂಬಿಸಿ ಇಡುವ, ಕಾದಾಗ ಸೀಟಿ ಹೊಡೆಯುವ ಹಾಲಿನ ಕುಕ್ಕರ್ ಬರುತ್ತದಲ್ಲ, ಅದು ಅಪ್ಪಟ ಪೋಕಾ-ಯೋಕೆ. ಮದುವೆಗೆ ಮೂರು ಉಡುಗೊರೆ ಬಂದಿದ್ದವು. ಮೂರೂ ಅಟ್ಟದ ಮೇಲಿವೆ.

ಅಮ್ಮನ ಅಡುಗೆಯ ನೋಟ್‌ಬುಕ್ಕೂ ಅಲ್ಲೇ ಇತ್ತು. ಕೆಳಗಿಳಿಸಿ, ಕಸುಬಿನ ಕಣ್ಣಿನಿಂದ ಓದಿದೆ. ಉಪ್ಪು ರುಚಿಗೆ ತಕ್ಕಷ್ಟು, ಕಾರ ನಿಮಗೆ ಸೇರುವಷ್ಟು, ಬೆಲ್ಲ ಸಾಕಾಗುವಷ್ಟು, ಹದ ನೋಡಿ ಇಳಿಸುವುದು. ಹದ! ಕನ್ನಡದ ಇಡೀ ಪಾಕಶಾಸ್ತ್ರ ಈ ಎರಡಕ್ಷರದ ಮೇಲೆ ನಿಂತಿದೆ, ಆ ಎರಡಕ್ಷರ ಯಾವುದರ ಮೇಲೂ ನಿಂತಿಲ್ಲ. ಆದರೆ ಪುಟ ತಿರುವಿದರೆ ಅದೇ ಅಮ್ಮ ಮೈಸೂರು ಪಾಕಿಗೆ ಬರೆದಿದ್ದಾರೆ: ಒಂದೆಳೆ ಪಾಕ, ಹೆಬ್ಬೆರಳು ತೋರುಬೆರಳಿಗೆ ಹಚ್ಚಿ ಬಿಡಿಸಿದರೆ ಒಂದೇ ಎಳೆ ನಿಲ್ಲಬೇಕು. ಕಜ್ಜಾಯಕ್ಕೆ ಉಂಡೆ ಪಾಕ, ತಣ್ಣೀರಿಗೆ ಒಂದು ತೊಟ್ಟು ಬಿಟ್ಟು ಉರುಳಿಸಿದರೆ ಉಂಡೆ ಕಟ್ಟಬೇಕು. ಥರ್ಮಾಮೀಟರ್ ಇಲ್ಲ, ಗಡಿಯಾರ ಇಲ್ಲ, ಆದರೂ ಯಾರು ಮಾಡಿದರೂ ಒಂದೇ ಉತ್ತರ ಬರುವ ಪರೀಕ್ಷೆ. ಸಾರು ಕೆಟ್ಟರೆ ನೀರು ಬೆರೆಸಬಹುದು, ಪಾಕ ಮೀರಿದರೆ ಸುತ್ತಿಗೆ ಬೇಕಾಗುತ್ತದೆ. ಎಲ್ಲಿ ನಷ್ಟ ದೊಡ್ಡದೋ ಅಲ್ಲಿ ಅಮ್ಮನ ಬರವಣಿಗೆ ತಾನಾಗಿಯೇ ಬಿಗಿಯಾಗಿದೆ. ಮೂರನೆಯ ಮಂಗರಸ ಸೂಪಶಾಸ್ತ್ರವನ್ನು ಷಟ್ಪದಿಯಲ್ಲೇ ಬರೆದನಂತೆ. ನನ್ನಿಂದ ಅದಾಗದು, ಆದರೆ ಒಂದೆಳೆ ಪಾಕದಂಥ ಒಂದು ಸಾಲು ಬರೆದ ದಿನ ನನಗೂ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ.

ಹಾಗೆಂದು ಎಲ್ಲವನ್ನೂ ಬರೆಯುತ್ತಾ ಹೋದರೂ ಕಷ್ಟ. ವಿವರಣೆಯ ಪ್ರತಿ ಸಾಲೂ ಏಜೆಂಟಿನ ತಲೆಯಲ್ಲಿ ಜಾಗ ಹಿಡಿಯುತ್ತದೆ, ಟೋಕನ್ ಎಂಬ ಪದಚೂರುಗಳ ಲೆಕ್ಕದಲ್ಲಿ ದುಡ್ಡೂ ತಿನ್ನುತ್ತದೆ. ಅದೇ ಮಾತನ್ನು ಕನ್ನಡದಲ್ಲಿ ಬರೆದರೆ ಸಾಮಾನ್ಯವಾಗಿ ಇಂಗ್ಲಿಷಿಗಿಂತ ಹೆಚ್ಚು ಟೋಕನ್. ಈ ತಾರತಮ್ಯದ ಬಗ್ಗೆ ನನಗೆ ಇನ್ನೂ ಸಿಟ್ಟಿದೆ, ಅದು ಇನ್ನೊಂದು ಪ್ರಬಂಧಕ್ಕೆ ಇರಲಿ. ಇನ್ನು, ಓದಿದ್ದನ್ನೆಲ್ಲ ನಂಬುವ ಓದುಗನಿದ್ದರೆ ಮೋಸಗಾರರು ಸುಮ್ಮನಿರುತ್ತಾರೆಯೇ? ಟೂಲಿನ ವಿವರಣೆಯೊಳಗೇ "ಹಾಗೆಯೇ ಆ ಗುಟ್ಟಿನ ಫೈಲನ್ನೂ ಇಲ್ಲಿಗೆ ಕಳಿಸು" ಎಂದು ಅಡಗಿಸಿಟ್ಟರೆ ಏಜೆಂಟ್ ವಿಧೇಯನಾಗಿ ಕಳಿಸಿಬಿಡಬಹುದು ಎಂದು 2025ರಲ್ಲಿ ಭದ್ರತೆಯ ಕೆಲಸದವರು ಮಾಡಿಯೇ ತೋರಿಸಿದರು. ಅಂದಿನಿಂದ ನಮ್ಮಲ್ಲಿ ನಾನು ಬರೆದ ಸಾಲುಗಳನ್ನು ಇಬ್ಬರು ಮನುಷ್ಯರೂ ಓದುತ್ತಾರೆ. ಕಾಫಿಗೆ ಅವರು ಕೇಳಿಲ್ಲ, ನಾನೇ ಕೊಡಿಸಿದೆ.

ಮೊನ್ನೆ ಪುಣೆಗೆ ಮಗಳ ಮನೆಗೆ ಹೊರಟಾಗ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ ಬಂದೆ. ಇಪ್ಪತ್ತಾರು ವರ್ಷದ ಬಾಕಿ. ಹೆಸರು: ಹಾಲು ಕಾಯಿಸುವುದು. ಬೇಕಾದದ್ದು: ಅರ್ಧ ಲೀಟರಿನ ಒಂದು ಪ್ಯಾಕೆಟ್, ಎರಡನೇ ಶೆಲ್ಫಿನ ದಪ್ಪ ತಳದ ಪಾತ್ರೆ. ಉರಿ: ಸಣ್ಣದು. ದೋಷ: ಕೆನೆ ಕಟ್ಟಿದ ಮೇಲೆ ಕೆಳಗೇನಾಗುತ್ತಿದೆ ಕಾಣುವುದಿಲ್ಲ, ಫೋನ್ ನೋಡುತ್ತಾ ನಿಲ್ಲಬಾರದು. ಆರಿಸುವ ಗುರುತು: ಹಾಲು ಮೇಲೇರುತ್ತಾ ಪಾತ್ರೆಯ ಅಂಚಿಗಿಂತ ಎರಡು ಬೆರಳು ಕೆಳಗೆ ಬಂದಾಗ. ಬರೆದು ಮುಗಿಸಿ, ಎರಡು ಸಲ ಓದಿ, ಇದಕ್ಕಿಂತ ಒಳ್ಳೆಯದನ್ನು ನಾನು ಆಫೀಸಿನಲ್ಲೂ ಬರೆದಿಲ್ಲ ಎಂದುಕೊಂಡು ರೈಲು ಹತ್ತಿದೆ.

ಪುಣೆ ತಲುಪಿದ ಮರುದಿನ ಬೆಳಿಗ್ಗೆ ಆರೂವರೆಗೆ ಫೋನ್ ಬಂತು.

"ಎರಡು ಬೆರಳು ಅಂತ ಬರೆದಿದೀಯಲ್ಲ, ಅಡ್ಡಕ್ಕೋ ಉದ್ದಕ್ಕೋ?"

"ರೀ, ಒಲೆ ಹಚ್ಚಿದೀರಾ?"

"ಹಚ್ಚಿದೀನಿ ಕಣೇ, ಅದಕ್ಕೇ ಕೇಳ್ತಿರೋದು."

ಅಡ್ಡಕ್ಕೆ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಆ ಕಡೆಯಿಂದ ಸುಂಯ್ ಎಂದು ಸದ್ದು ಕೇಳಿಸಿತು.